ಮರಳು ಕಣ್ಣು ಬಿಟ್ಟಾಗ

ಮಂದೆಯಿಂದ ತಪ್ಪಿಸಿಕೊಂಡಿದ್ದ ಕುರಿಯೊಂದು ಬೆಟ್ಟ ಇಳಿದು ಬಂತು. ನೋಡಿದರೆ ಮೈಯೆಲ್ಲ ಒದ್ದೆ, ಉಣ್ಣೆಯಿಂದ ನೀರು ತೊಟ್ಟಿಕ್ಕುತ್ತಿದೆ! ಎದುರಿಗೆ ನಿಂತಿರುವುದೋ ಬೋಳು ಹೆಬ್ಬಂಡೆ. ಅಂದ ಮೇಲೆ ಆ ಬಂಡೆಯ ಮೇಲೆಲ್ಲೋ ನೀರಿರಲೇಬೇಕು ಎಂದು ರಾಜಾ ಹಿರೇಗೌಡ ತಡಮಾಡದೆ ಬೆಟ್ಟವನ್ನು ಹಿಡಿದು ಕೋಟೆ ಕಟ್ಟಿಸಿದನಂತೆ. ಮಧುಗಿರಿ ಕೋಟೆಯ ಹುಟ್ಟಿನ ಬಗ್ಗೆ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವ ಐತಿಹ್ಯ ಇದು. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಆ ಏಕಶಿಲೆಯಲ್ಲಿ ನೀರಿನ ಸುಳಿವು ಕೊಟ್ಟದ್ದು ಜ್ಯೋತಿಷಿಯೂ ಅಲ್ಲ, ಸೇನಾಪತಿಯೂ ಅಲ್ಲ, ಒಂದು ಕುರಿ!

ಈ ಕಥೆ ಓದಿದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ದಾರಿಗಳಲ್ಲಿ ನನ್ನ ಕಣ್ಣು ಬೇರೆಯದನ್ನೇ ಹುಡುಕತೊಡಗಿತು. ಪಠ್ಯಪುಸ್ತಕದಲ್ಲಿ, ಸರ್ಕಾರಿ ಕಡತದಲ್ಲಿ, ಚುನಾವಣಾ ಭಾಷಣದಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ಹೆಸರು: ಬರದ ಸೀಮೆ. ಪಾವಗಡದ ಕಡೆ ವರ್ಷಕ್ಕೆ ಸುಮಾರು 500–600 ಮಿ.ಮೀ. ಮಳೆ, ಕೊರಟಗೆರೆಯ ಕಡೆ ಇನ್ನೊಂದಿಷ್ಟು. ಹೊಳೆಗಳೆಂದರೆ ಮರಳಿನ ಪಟ್ಟಿಗಳು. ಆದರೆ ಇದೇ ಸೀಮೆಯ ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ತೋಟದ ಮೂಲೆಯಲ್ಲಿ, ಮೋಟರಿಲ್ಲದೆ, ಏತವಿಲ್ಲದೆ, ಕಪಿಲೆಯಿಲ್ಲದೆ ನೆಲದಿಂದ ತಾನಾಗಿ ಎದ್ದು ಬಂದು ಗದ್ದೆಗೆ ಹರಿಯುವ ನೀರಿತ್ತು. ಕೆಲವೆಡೆ ಈಗಲೂ ಇದೆ. ಅದನ್ನು ಇಲ್ಲಿನ ಜನ ತಲಪರಿಗೆ ಎನ್ನುತ್ತಾರೆ.

ತಲಪರಿಗೆ! ಈ ಸೀಮೆಯ ಆಚೆಗೆ ಈ ಹೆಸರು ಕೇಳಿದವರೇ ಕಡಿಮೆ. ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಅಲೆದು, ಹಿರಿಯರನ್ನು ಮಾತಾಡಿಸಿ ಇವುಗಳನ್ನು ದಾಖಲಿಸದೇ ಹೋಗಿದ್ದರೆ, ಎಷ್ಟೋ ತಲಪರಿಗೆಗಳು ಹೂಳಿನ ಜೊತೆಗೆ ನೆನಪಿನಿಂದಲೂ ಮುಚ್ಚಿಹೋಗುತ್ತಿದ್ದವು.

ಹರಿಯುವ ತಲಪರಿಗೆಯೊಂದರ ಅಂಚಿನಲ್ಲಿ ಮಂಡಿಯೂರಿ ಕೂತು ನೋಡಬೇಕು. ಮೇಲಿಂದ ಅದು ಮಂಡಿಯುದ್ದದ ನೀರಿನ ಗುಂಡಿ, ಅಷ್ಟೆ. ಪಕ್ಕದಲ್ಲಿ ಜೊಂಡು, ತುಸು ದೂರದಲ್ಲಿ ಹೊಂಗೆ, ಈಚಲು. ನೀರು ಎಷ್ಟು ತಿಳಿಯೆಂದರೆ ತಳದ ಒಂದೊಂದು ಕಣವೂ ಎಣಿಸುವಂತೆ ಕಾಣುತ್ತದೆ. ಅಲುಗಾಡದೆ ಕೂತರೆ ತಳದ ಒಂದು ಕಡೆ ಮರಳು ಮೆಲ್ಲಗೆ ಉಬ್ಬುತ್ತದೆ. ಕಣಗಳು ಮೇಲೇಳುತ್ತವೆ, ಸುತ್ತ ಬೀಳುತ್ತವೆ, ಮತ್ತೆ ಏಳುತ್ತವೆ. ಬೆಂಕಿಯೇ ಇಲ್ಲದೆ ಮರಳು ಕುದಿಯುತ್ತಿದೆ! ಅಲ್ಲಿಗೆ ಬೆರಳಿಟ್ಟರೆ ಕೆಳಗಿನಿಂದ ಯಾರೋ ಒತ್ತಿದ ಹಾಗೆ ತಣ್ಣನೆಯ ಒತ್ತಡ. ಅದೇ ಜಲದ ಕಣ್ಣು. ಅಲ್ಲಿಂದ ಒಂದು ಬೊಗಸೆ ಮರಳು ಎತ್ತಿ ಬಿಸಿಲಿಗೆ ಹಿಡಿದರೆ ಗಾಜಿನಂಥ ಬೆಣಚು ಹರಳು, ನಡುನಡುವೆ ನಸುಗೆಂಪು ಚೂರು, ಮಿಂಚುವ ಕಾಗೆಬಂಗಾರದ ಸಿಪ್ಪೆ. ಮಧುಗಿರಿ ಬೆಟ್ಟವೇ ಪುಡಿಯಾಗಿ ಅಂಗೈಗೆ ಬಂದಿದೆ.

ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಉತ್ತರ ಹೇಳುವುದು ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯ ಆಳದಲ್ಲಿ ಹೆಪ್ಪುಗಟ್ಟಿದ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಬಂಡೆಗಳು, ಮಧುಗಿರಿಯ ಏಕಶಿಲೆ, ಪಾವಗಡದ ಕೋಟೆಬೆಟ್ಟ ಎಲ್ಲವೂ ತೆಂಕಣದಿಂದ ಬಡಗಣಕ್ಕೆ ಹಬ್ಬಿದ ಆ ಒಂದೇ ಕಲ್ಲಿನ ಪಟ್ಟಿಗೆ ಸೇರಿದವು. ಕರ್ನಾಟಕದ ಬೆನ್ನುಮೂಳೆಯಂಥ ಆ ಕಲ್ಲು ಬಿಸಿಲಿಗೆ ಹಿಗ್ಗಿ, ಇರುಳಿಗೆ ಕುಗ್ಗಿ, ಮಳೆಗೆ ನೆಂದು ಬಿರಿಯುತ್ತದೆ. ಅದರೊಳಗಿನ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಕೊಳೆಯದ ಬೆಣಚು ಮರಳಾಗಿ ಬೆಟ್ಟದ ಬುಡದಲ್ಲಿ, ಹಳ್ಳದಲ್ಲಿ, ತಗ್ಗಿನಲ್ಲಿ ಪದರ ಪದರವಾಗಿ ಶೇಖರವಾಗುತ್ತದೆ.

ಈಗ ಮಳೆ ಬರಲಿ. ಬೋಳು ಬಂಡೆ ಒಂದು ಹನಿಯನ್ನೂ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಒಂದು ಎಕರೆ ಬಂಡೆಯ ಮೇಲೆ ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್! ಅಷ್ಟೂ ನೀರು ಜಾರಿ ಬುಡದ ಮರಳಿಗೆ ಇಳಿಯುತ್ತದೆ. ಮರಳಿನ ಕಣಗಳ ನಡುವೆ ಮೂರನೇ ಒಂದರಷ್ಟು ಜಾಗ ಖಾಲಿ. ಆ ಸಂದಿಗಳಲ್ಲಿ ನೀರು ಅವಸರವಿಲ್ಲದೆ, ವಾರಗಟ್ಟಲೆ, ತಿಂಗಳುಗಟ್ಟಲೆ ತಗ್ಗಿನತ್ತ ತೆವಳುತ್ತದೆ. ಎಲ್ಲೋ ಒಂದು ಕಡೆ ಅಡಿಯ ಕಲ್ಲು ಉಬ್ಬಿ ಅಡ್ಡ ಬಂದಾಗ, ಅಥವಾ ಜೇಡಿಯ ಪದರ ತಡೆದಾಗ, ಮುಂದೆ ದಾರಿಯಿಲ್ಲದೆ ಮೇಲಕ್ಕೇಳುತ್ತದೆ. ಅಲ್ಲಿ ಮರಳು ಕಣ್ಣು ಬಿಡುತ್ತದೆ.

ನನ್ನನ್ನು ಬೆರಗಿಗೆ ನೂಕಿದ ಸಂಗತಿ ಇನ್ನೊಂದಿದೆ. ಈ ಸೀಮೆಯಲ್ಲಿ ತೆರೆದ ಕೆರೆಯಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರನ್ನು ಬಿಸಿಲು ಕುಡಿದುಬಿಡುತ್ತದೆ. ಆಕಾಶ ಕೊಟ್ಟದ್ದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು! ಆದರೆ ಮರಳೊಳಗಿನ ನೀರಿನ ಹತ್ತಿರ ಬಿಸಿಲಿನ ಆಟ ನಡೆಯುವುದಿಲ್ಲ. ಮೇಲಿನ ಎರಡು ಅಡಿ ಒಣಗಿತೆಂದರೆ ಆ ಒಣ ಮರಳೇ ಕೆಳಗಿನ ನೀರಿಗೆ ಮುಚ್ಚಳ. ದೊಡ್ಡ ಕಣಗಳ ನಡುವೆ ನೀರು ಹೆಚ್ಚು ಎತ್ತರಕ್ಕೆ ಏರಲಾರದು. ಹಾಗಾಗಿಯೇ ಚೈತ್ರ ವೈಶಾಖದಲ್ಲಿ ಕೆರೆಯ ನೀರೆಲ್ಲ ಇಂಗಿ ಅಂಗಳ ಬಿರುಕು ಬಿಟ್ಟಾಗಲೂ, ಅದೇ ಅಂಗಳದ ತಲಪರಿಗೆ ಹರಿಯುತ್ತಿತ್ತು. ಆ ಹರಿವು ಕಾಲುವೆಯಲ್ಲಿ ಸಾಗಿ, ಕೆರೆಯ ತೂಬನ್ನೇ ದಾಟಿ, ಅಚ್ಚುಕಟ್ಟಿನ ಪೈರನ್ನು ಉಳಿಸುತ್ತಿತ್ತು. ಒಣಗಿದ ಕೆರೆಯಿಂದ ನೀರಾವರಿ! ಹೊರಗಿನವರಿಗೆ ಹೇಳಿದರೆ ನಂಬುವುದು ಕಷ್ಟ.

ಕೀನ್ಯಾ ದೇಶದ ಕಿಟುಯಿಯಲ್ಲಿ ಇದೇ ತತ್ವದ ಮೇಲೆ ನೂರಾರು ಮರಳು ಅಣೆಗಳನ್ನು ಕಟ್ಟಿದ್ದಾರೆ. ಒಣಹೊಳೆಗೆ ಅಡ್ಡಗೋಡೆ, ಅದರ ಹಿಂದೆ ಮರಳು ತುಂಬಿಕೊಳ್ಳಬೇಕು, ಮರಳಿನಲ್ಲಿ ನೀರು ನಿಲ್ಲಬೇಕು. ಜಗತ್ತಿನ ಜಲತಜ್ಞರು ಅದನ್ನು ನೋಡಲು ಹೋಗುತ್ತಾರೆ. ನಮ್ಮ ಜಯಮಂಗಲಿ, ಸುವರ್ಣಮುಖಿ, ಗರುಡಾಚಲ ಹೊಳೆಗಳಿಗೆ ಅಂಥ ಮರಳಿನ ಹಾಸನ್ನು ಪ್ರಕೃತಿಯೇ ಹಾಸಿಕೊಟ್ಟಿತ್ತು. ದೇವರಾಯನದುರ್ಗದ ಬೆಟ್ಟಗಳನ್ನೇ ನೋಡಿ! ಒಂದು ಮಗ್ಗುಲಿನ ನೀರು ಶಿಂಷೆಯಾಗಿ ತೆಂಕಣಕ್ಕೆ ಕಾವೇರಿಯ ಕಡೆ ಓಡಿದರೆ, ಇನ್ನೊಂದು ಮಗ್ಗುಲಿನದು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ, ರಾಮ ಬಾಣ ಬಿಟ್ಟು ಚಿಮ್ಮಿಸಿದ ನೀರೆಂದು ಜನ ನಂಬುವ ಒರತೆ ಬಂಡೆಯೊಳಗಿಂದಲೇ ಬರುತ್ತದೆ. ಅಂದರೆ ಈ ಸೀಮೆಯ ನೆಲದಡಿಯಲ್ಲಿ, ಮೇಲಿನ ಒಣಹೊಳೆಗಿಂತ ನಿಧಾನವಾದ ಇನ್ನೊಂದು ಹೊಳೆ ಹರಿಯುತ್ತಿದೆ.

ಆ ಹೊಳೆಯ ಗುಟ್ಟನ್ನು ಮರಗಳು ಎಂದೋ ಓದಿಕೊಂಡಿವೆ. ಸುತ್ತೆಲ್ಲ ಬೋಳಾಗಿರುವಾಗ ಒಂದೇ ಗೆರೆಯಲ್ಲಿ ಈಚಲು ನಿಂತಿದ್ದರೆ, ಅತ್ತಿ ಹಸಿರಾಗಿದ್ದರೆ, ನೇರಳೆ ಬೇಸಗೆಯಲ್ಲೂ ಚಿಗುರಿದ್ದರೆ ಅಲ್ಲಿ ನೀರು ಮೇಲಿದೆ ಎಂದು ಹಳಬರು ಹೇಳುತ್ತಿದ್ದರು. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ದಕಾರ್ಗಳ ಎಂಬ ಇಡೀ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟ: ಯಾವ ಮರ, ಅದರ ಯಾವ ದಿಕ್ಕಿಗೆ ಹುತ್ತ, ಎಷ್ಟು ಆಳದಲ್ಲಿ ನೀರು. ಅಲ್ಲಿಯೂ ನೇರಳೆ ಇದೆ, ಅಲ್ಲಿಯೂ ಹುತ್ತ ಇದೆ! ಗೆದ್ದಲಿಗೆ ತೇವವಿಲ್ಲದೆ ಗೂಡಿಲ್ಲ, ತೇವ ಬೇಕಾದರೆ ಅದು ಕೆಳಕ್ಕೆ ಇಳಿಯಲೇಬೇಕು. ಹುತ್ತಕ್ಕೆ ಕೈಮುಗಿದು ಹಾಲೆರೆಯುವ ಊರಿನಲ್ಲಿ ಈ ತಿಳಿವಳಿಕೆ ಬೇರೆ ಬೇರೆ ವೇಷದಲ್ಲಿ ಉಳಿದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

ಹುಲ್ಲಿನ ಕೆಲಸವೂ ಸಣ್ಣದಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿಗೆ ಒಮ್ಮೆ ಹೋಗಿ ಬನ್ನಿ. ಹೆಚ್ಚೂಕಡಿಮೆ 798 ಎಕರೆಯ ಆ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. ತಿರುಚುಗೊಂಬಿನ ಹೋರಿಗಳು ಗಾಳಿಗೆ ಚಿಮ್ಮಿ ಓಡುವಾಗ ಉಸಿರು ನಿಂತುಹೋಗುತ್ತದೆ! ಅವುಗಳ ಗೊರಸಿನ ಕೆಳಗೆ ಹುಲ್ಲಿನ ಬೇರು ಮಳೆನೀರಿನ ಓಟಕ್ಕೆ ಕಡಿವಾಣ ಹಾಕಿ ನೆಲಕ್ಕೆ ಇಳಿಸುತ್ತಿದೆ. ಬೀಳುಭೂಮಿ ಎಂದು ಕರೆದು, ಸಸಿ ನೆಟ್ಟರೇ ಉದ್ಧಾರ ಎಂದುಕೊಳ್ಳುವವರು ಈ ಬಯಲನ್ನು ನೋಡಬೇಕು.

ಇನ್ನು ತಲಪರಿಗೆಯ ಸುತ್ತ ಮನುಷ್ಯರು ಕಟ್ಟಿಕೊಂಡ ಬದುಕು. ನೆಲದ ನಡತೆಯನ್ನು ಇಷ್ಟು ಕಿವಿಗೊಟ್ಟು ಕೇಳಿಸಿಕೊಂಡ ವ್ಯವಸ್ಥೆ ಬೇರೆ ಎಲ್ಲಿದೆಯೋ ನಾನರಿಯೆ. ತಲಪರಿಗೆಯಿಂದ ಯಾರೂ ನೀರು ಎಳೆಯುವುದಿಲ್ಲ. ತುಂಬಿ ಹೊರಚೆಲ್ಲಿದ್ದು ಮಾತ್ರ ಕಾಲುವೆಗೆ. ಕರುವಿಗೆ ಬಿಟ್ಟು ಮಿಕ್ಕ ಹಾಲನ್ನಷ್ಟೇ ಕರೆದುಕೊಳ್ಳುವ ಗೌಡತಿಯ ಹಾಗೆ. ಒಳ್ಳೆಯ ಮಳೆಯಾದ ವರ್ಷ ಹರಿವು ದಪ್ಪ, ಆಗ ಭತ್ತ. ಮಳೆ ಕೈಕೊಟ್ಟ ವರ್ಷ ಹರಿವು ಸಣ್ಣ, ಆಗ ರಾಗಿ. ಏನು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬ ತೀರ್ಮಾನ ಒರತೆಯದ್ದು. ಅಡಿಯ ನೀರು ಎಷ್ಟಿದೆ ಎಂದು ಅಳೆಯುವ ಯಂತ್ರ ಬೇಕಾಗಿರಲಿಲ್ಲ, ಹರಿವೇ ಅಳತೆ. ಕುಡಿಯುವುದಕ್ಕೆ ಮೊದಲ ಪಾಲು, ಆಮೇಲೆ ದನಕರು, ಆಮೇಲೆ ಹೊಲಗದ್ದೆಗೆ ಸರದಿ. ಕೆರೆಯ ನೀರಿಗೆ ನೀರುಗಂಟಿ ಇದ್ದ ಹಾಗೆ ಇಲ್ಲಿಯೂ ಸರದಿ ಕಾಯುವವರಿದ್ದರು. ವರ್ಷಕ್ಕೊಮ್ಮೆ ಅಚ್ಚುಕಟ್ಟಿನ ರೈತರೆಲ್ಲ ಗುದ್ದಲಿ ಮಂಕರಿ ಹಿಡಿದು ಬಂದು ಹೂಳೆತ್ತಬೇಕು. ಗಂಗಮ್ಮನ ಪೂಜೆ, ಹಣ್ಣುಕಾಯಿ, ಆಮೇಲೆ ಕೆಸರಿಗೆ ಇಳಿಯುವುದು. ಜಲದ ಕಣ್ಣನ್ನು ಮುಚ್ಚಿದ್ದ ಜೇಡಿಯ ಕೊನೆಯ ಮಂಕರಿ ಎದ್ದಾಗ ನೀರು ಭುಳ್ಳನೆ ಏಳುವುದನ್ನು ಕಂಡವರು ಅದನ್ನು ಮುಪ್ಪಿನಲ್ಲೂ ಕಣ್ಣರಳಿಸಿ ಹೇಳುತ್ತಾರೆ.

ಅಮೆರಿಕದ ಎಲಿನಾರ್ ಆಸ್ಟ್ರಮ್ 1990ರಲ್ಲಿ ಬರೆದ ಪುಸ್ತಕದಲ್ಲಿ ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳು, ಫಿಲಿಪ್ಪೀನ್ಸಿನ ನೀರಾವರಿ ಸಂಘಗಳು ನೂರಾರು ವರ್ಷ ಹೇಗೆ ಬಾಳಿದವು ಎಂದು ತೋರಿಸಿದರು. ಯಾರಿಗೆ ಹಕ್ಕು ಎಂಬುದು ಸ್ಪಷ್ಟವಿರಬೇಕು, ಪಡೆದಷ್ಟಕ್ಕೆ ತಕ್ಕಂತೆ ದುಡಿಯಬೇಕು, ಕಾಯುವವರು ತಮ್ಮವರೇ ಆಗಿರಬೇಕು, ನಿಯಮ ಆ ಜಾಗಕ್ಕೆ ಹೊಂದಬೇಕು. ಆ ಸಾಧನೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಪಟ್ಟಿಯನ್ನು ಮಧುಗಿರಿ ಸೀಮೆಯ ಯಾವುದೇ ತಲಪರಿಗೆಯ ಪಕ್ಕ ಇಟ್ಟು ನೋಡಿ, ಒಂದೊಂದಾಗಿ ಹೊಂದುತ್ತಾ ಹೋಗುತ್ತದೆ!

ಹಾಗಾದರೆ ಇಷ್ಟು ಚೆಂದದ ಏರ್ಪಾಡು ಮುರಿದದ್ದೇಕೆ? ಕೊಳವೆಬಾವಿ ಬಂತು. ಅದು ಹೊರಚೆಲ್ಲಿದ್ದಕ್ಕೆ ಕಾಯುವುದಿಲ್ಲ. ನೂರಾರು ಅಡಿ ಇಳಿದು ಬಂಡೆಯ ಬಿರುಕಿನಲ್ಲಿ ಕೂತ ನೀರನ್ನೂ ಎಳೆಯುತ್ತದೆ, ಮೇಲಿನ ಮರಳಿನ ನೀರು ಆ ಖಾಲಿಯನ್ನು ತುಂಬಲು ಕೆಳಕ್ಕೆ ಇಳಿಯುತ್ತದೆ, ತಲಪರಿಗೆಯ ಕಣ್ಣು ಒಣಗುತ್ತದೆ. ಅಂತರ್ಜಲದ ಅತಿಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಸೀಮೆಯ ಹೆಸರುಗಳು ಮೇಲಿಂದ ಮೇಲೆ ಬರುತ್ತಿವೆ. ಆಳಕ್ಕೆ ಹೋದಂತೆಲ್ಲ ಇನ್ನೊಂದು ಸಂಕಟ ಕಾದಿತ್ತು. ಗ್ರಾನೈಟಿನ ಸಂದಿಯಲ್ಲಿ ದೀರ್ಘಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲ. ಪಾವಗಡದ ಊರೂರಿನಲ್ಲಿ ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಮೂಳೆ ಅದರ ಕಥೆ ಹೇಳುತ್ತವೆ. ಮರಳಿನಲ್ಲಿ ಹರಿದು ಬರುವ ಈ ವರ್ಷದ ಮಳೆನೀರು ಕಲ್ಲಿನ ಸಹವಾಸದಲ್ಲಿ ಅಷ್ಟು ಕಾಲ ಇರುವುದೇ ಇಲ್ಲ. ತಲಪರಿಗೆಯ ನೀರಿನ ಸಿಹಿಯನ್ನು ಹಳಬರು ಹೊಗಳುವಾಗ ಅದರಲ್ಲಿ ಭೂರಸಾಯನದ ಪಾಠವೇ ಇತ್ತು!

ಇದರ ಮೇಲೆ ಮರಳುಗಾರಿಕೆ. ಜಯಮಂಗಲಿಯ ಮರಳು ಲಾರಿ ಹತ್ತಿ ಬೆಂಗಳೂರಿನ ಕಟ್ಟಡವಾಯಿತು. ಹೊಳೆಯ ಪಾತ್ರದಲ್ಲಿ ನೀರನ್ನು ಹಿಡಿದಿಡುತ್ತಿದ್ದ ಪಾತ್ರೆಯನ್ನೇ ಹೊತ್ತುಕೊಂಡು ಹೋದರು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಬೆಟ್ಟ ಸವೆದು ಆ ಮರಳಾಗಲು ಹಿಡಿದ ಕಾಲವನ್ನು ಯಾವ ರಾಯಧನವೂ ತುಂಬಿಕೊಡಲಾರದು.

ಆದರೆ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬಂದರೆ ಆ ಉರಿ ತಣಿಯುತ್ತದೆ. ಊರ ನಡುವಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆ, ಬೂದು ಬಕ! ಮನೆಯ ಸೂರಿನ ಮೇಲೆಯೇ ಗೂಡು, ಅಂಗಳಕ್ಕೆ ಹಿಕ್ಕೆ, ಮರಿಗಳ ಗಲಾಟೆ. ಹುಣಸೆ ಫಸಲಿಗೆ ಪೆಟ್ಟು ಬಿದ್ದರೂ ಊರವರು ಹಕ್ಕಿಗಳನ್ನು ಓಡಿಸಿಲ್ಲ, ಕೊಂಬೆ ಕಡಿದಿಲ್ಲ. ಹೊರಜಗತ್ತಿಗೆ ಈ ಊರು ಗೊತ್ತಾದದ್ದು 1999ರಲ್ಲಿ. ಹಕ್ಕಿಗಳಿಗೂ ಊರಿಗೂ ನಂಟು ಅದಕ್ಕಿಂತ ಎಷ್ಟೋ ಹಳೆಯದು.

ಈ ಕೊಕ್ಕರೆ ಮೀನು ಹಿಡಿಯುವುದನ್ನು ನೋಡಬೇಕು. ಮಂಡಿಯಷ್ಟೂ ಇಲ್ಲದ ನೀರಿನಲ್ಲಿ ಕೊಕ್ಕನ್ನು ಅರೆ ತೆರೆದು ಅದ್ದಿ, ಕಾಲಿನಿಂದ ಕೆಸರು ಕದಡುತ್ತಾ ಹೆಜ್ಜೆ ಹಾಕುತ್ತದೆ. ಮೀನನ್ನು ಅದು ಹುಡುಕುವುದು ಕಣ್ಣಿನಿಂದಲ್ಲ, ಕೊಕ್ಕಿಗೆ ತಾಗಿದ ಕ್ಷಣ ಫಟ್ಟನೆ ಮುಚ್ಚುತ್ತದೆ. ಇದೇ ಕುಲದ ಅಮೆರಿಕದ ಕೊಕ್ಕರೆಯಲ್ಲಿ ವಿಜ್ಞಾನಿಗಳು ಆ ವೇಗವನ್ನು ಅಳೆದರು: ಸೆಕೆಂಡಿನ ನಲವತ್ತನೇ ಒಂದು ಭಾಗ! ಬೆನ್ನುಮೂಳೆಯ ಪ್ರಾಣಿಗಳಲ್ಲೇ ಅತಿ ಚುರುಕಿನ ಪ್ರತಿಕ್ರಿಯೆಗಳಲ್ಲಿ ಇದೊಂದು. ಈ ಬೇಟೆಗೆ ಬೇಕಾದದ್ದು ನಿಧಾನವಾಗಿ ಇಳಿಜಾರಾಗುವ, ಬೇಸಗೆಗೆ ಮೆಲ್ಲಗೆ ಹಿಂದೆ ಸರಿಯುವ ಕೆರೆಯಂಚು. ಜೆಸಿಬಿ ತಂದು ಎಲ್ಲೆಂದರಲ್ಲಿ ಇಪ್ಪತ್ತು ಅಡಿ ಗುಂಡಿ ತೋಡಿದರೆ ಕೊಕ್ಕರೆ ಅಲ್ಲಿ ಮುಳುಗೀತೇ ಹೊರತು ಉಣ್ಣಲಾರದು. ಮತ್ತು ಅದೇ ಗುಂಡಿ ಕೆರೆಯಂಗಳದ ಮರಳಿನ ಪದರವನ್ನೂ ತುಂಡರಿಸಿ ತಲಪರಿಗೆಯ ದಾರಿ ಕೆಡಿಸುತ್ತದೆ. ಹಕ್ಕಿಗೆ ಒಗ್ಗುವ ಕೆರೆಯೂ ಒರತೆಗೆ ಒಗ್ಗುವ ಕೆರೆಯೂ ಒಂದೇ! ಹೂಳೆತ್ತುವ ಯೋಜನೆ ಬರೆಯುವ ಎಂಜಿನಿಯರು ಒಂದು ಬೆಳಿಗ್ಗೆ ಕೊಕ್ಕರೆಯ ಕಾಲು ಎಲ್ಲಿಯವರೆಗೆ ಮುಳುಗುತ್ತದೆ ಎಂದು ನೋಡಿ ಬಂದರೆ ಕೆರೆಯ ನಕ್ಷೆ ಅರ್ಧ ಸಿದ್ಧವಾದಂತೆ.

ಸತ್ತಿತು ಅಂದುಕೊಂಡದ್ದು ಸತ್ತಿರಲಿಲ್ಲ ಎಂಬುದಕ್ಕೂ ಸಾಕ್ಷಿ ಸಿಕ್ಕಿದೆ. 2021 ಮತ್ತು 2022ರಲ್ಲಿ ಸುರಿದ ಭಾರಿ ಮಳೆಗೆ ವರ್ಷಗಟ್ಟಲೆ ತುಂಬದ ಕೆರೆಗಳು ಕೋಡಿ ಬಿದ್ದವು, ಜಯಮಂಗಲಿ ದಡ ಮೀರಿ ಹರಿಯಿತು. ಆಗ ಎಷ್ಟೋ ಕಾಲ ಒಣಗಿದ್ದ ಒರತೆಗಳು ಮತ್ತೆ ಕಣ್ಣು ಬಿಟ್ಟವು! ಎಲ್ಲ ಕಡೆಯೂ ಅಲ್ಲ; ಮರಳು ಉಳಿದಿದ್ದ ಕಡೆ, ಕಾಲುವೆ ಒತ್ತುವರಿಯಾಗದ ಕಡೆ. ಅಂಥ ಜಾಗಗಳಲ್ಲಿ ಕಲ್ಲು ಕಟ್ಟಡಕ್ಕೆ, ಕಾಂಕ್ರೀಟಿಗೆ ಅವಸರ ಮಾಡಬಾರದು. ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಹಳೆಯ ಜಲಮೂಲಗಳ ದುರಸ್ತಿಗೆ ಅವಕಾಶವಿದೆ. ಹೂಳು ತೆಗೆದು, ಮೇಲ್ಗಡೆಯ ಇಳಿಜಾರಿನಲ್ಲಿ ಬದು ಹಾಕಿ, ಸುತ್ತ ಒಂದಷ್ಟು ದೂರ ಹೊಸ ಕೊಳವೆಬಾವಿ ಬೇಡವೆಂದು ಊರವರೇ ಕೂತು ಮಾತಾಡಿಕೊಂಡರೆ ಮರಳು ತನ್ನ ಪಾಲಿನ ಕೆಲಸ ಮಾಡುತ್ತದೆ.

ಕೊನೆಗೆ ನನ್ನ ತಲೆಯಲ್ಲಿ ಗುಂಯ್‌ಗುಡುತ್ತಿರುವ ಒಂದು ಲೆಕ್ಕ. ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಪಾರ್ಕಿಗೆ ರೈತರು ಭೂಮಿ ಮಾರಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಕೊಟ್ಟರು. ಈ ಸೀಮೆಯಲ್ಲಿ ಯಾವುದು ಧಾರಾಳವಾಗಿದೆಯೋ ಅದನ್ನೇ, ಅಂದರೆ ಬಿಸಿಲನ್ನೇ, ಬೆಳೆಯಾಗಿ ಕೊಯ್ದದ್ದು ಜಾಣತನ. ಕುರಿ ಮೇಯಿಸುವವರಿಗೆ ಹುಲ್ಲುಗಾವಲು ತಪ್ಪಿದ್ದು ಅದರ ಇನ್ನೊಂದು ಮುಖ, ಅದನ್ನು ಮರೆಯಲಾಗದು. ಈಗ ಲೆಕ್ಕ ನೋಡಿ. 13,000 ಎಕರೆಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೂ ಸುಮಾರು 2,600 ಕೋಟಿ ಲೀಟರ್. ಒಂದು ಟಿಎಂಸಿಗೆ ಹತ್ತಿರ! ಗಾಜಿನ ಫಲಕ ಹನಿಯನ್ನೂ ಹೀರುವುದಿಲ್ಲ, ಜಾರಿಸುತ್ತದೆ. ಮಧುಗಿರಿಯ ಬಂಡೆ ಮಾಡುವುದೂ ಅದನ್ನೇ ಅಲ್ಲವೇ? ನಾವು ಗೊತ್ತಿಲ್ಲದೆಯೇ ಪಾವಗಡದಲ್ಲಿ ಒಂದು ಚಪ್ಪಟೆಯಾದ ಬೆಟ್ಟವನ್ನು ನಿಲ್ಲಿಸಿದ್ದೇವೆ. ಅದಕ್ಕೆ ಇಲ್ಲದಿರುವುದು ಬುಡದ ಮರಳು.

ಫಲಕಗಳ ಅಂಚಿನಿಂದ ನೀರು ಬೀಳುವ ಗೆರೆಗುಂಟ ತೆಳುವಾದ ಕಾಲುವೆ ತೋಡಿ ಮರಳು, ಜಲ್ಲಿ ತುಂಬಿ, ನಡುವೆ ಹುಲ್ಲು ಬೆಳೆಸಿ, ಆ ಹುಲ್ಲನ್ನು ಕುರಿಗಳಿಗೇ ಬಿಟ್ಟರೆ? ಪಾರ್ಕಿನ ತಗ್ಗಿನಲ್ಲಿರುವ ಹಳೆಯ ಒರತೆಗಳ ಜಾಗ ತೋರಿಸಬಲ್ಲ ಹಿರಿಯರು ಆ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಇಡೀ ಪಾರ್ಕಿಗೆ ಮಾಡಬೇಕಿಲ್ಲ, ಹತ್ತು ಎಕರೆ ಸಾಕು. ಪಾವಗಡಕ್ಕೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅಷ್ಟರೊಳಗೆ ಕಾಲುವೆ ತೋಡಿ, ಕೆಳಗಿನ ಒಂದು ತೆರೆದ ಬಾವಿಗೆ ಅಳತೆಪಟ್ಟಿ ಇಳಿಬಿಟ್ಟು, ಪಕ್ಕದ ಊರಿನ ಇನ್ನೊಂದು ಬಾವಿಯ ಜೊತೆ ವಾರವಾರ ಹೋಲಿಸಿ ಬರೆದಿಟ್ಟುಕೊಂಡರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಉತ್ತರ ಕೈಗೆ ಸಿಕ್ಕಿರುತ್ತದೆ.